ಡಾಲ್ಫಿನ್

ಬೆಂಗಳೂರಿನ ಸಿಪಾನಿ ಸಂಸ್ಥೆಯು 1982ರಲ್ಲಿ ‘ಡಾಲ್ಫಿನ್’ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ. ಹೊರಮೈ ಗಾಜಿನ ನಾರು ಹಾಗೂ ರಾಳದಿಂದ ಆದುದು, 848 ಸಿ.ಸಿ. ಎಂಜಿನ್ ಅಲ್ಯೂಮಿನಿಯಮ್ಮಿನದು. ಹಗುರತನವೇ ಅದರ ಬಲ. ಆದುದರಿಂದಲೇ ಅದು ಮೋಟಾರು ಓಟಗಳಲ್ಲಿ ಹೆಸರು ಗಳಿಸಿತು. 1983ರ ಕೊನೆಯಲ್ಲಿ ಮಾರುತಿ ಬಂದ ಮೇಲೆ ಮಾರುಕಟ್ಟೆ ಅದಕ್ಕೆ ಒಲಿಯಲಿಲ್ಲ.

ಇಂದು ಯಲಹಂಕದ ತರುಣನೊಬ್ಬನ ಕೈಗೆ ಇಂಥ ಗಾಡಿ ಬಂದರೆ, ಅವನನ್ನು ಮೊದಲು ಮೋಸಗೊಳಿಸುವುದು ಅದರ ಮೈಯೇ. ಮೈಗೆ ತುಕ್ಕು ಹಿಡಿಯದು. ಅದನ್ನು ಹೊತ್ತ ಉಕ್ಕಿನ ಚಾಸಿಗೆ ಹಿಡಿಯುತ್ತದೆ. ಮೇಲೆ ಬಣ್ಣ ಥಳಥಳಿಸುತ್ತಿರುವಾಗಲೇ ಅಡಿಯಲ್ಲಿ ಉಕ್ಕು ಸವೆದಿರಬಹುದು. ಬಲ್ಲ ಮೆಕ್ಯಾನಿಕ್ ಬಣ್ಣವನ್ನು ನೋಡುವುದಿಲ್ಲ. ಗಾಡಿಯ ಕೆಳಗೆ ನುಸುಳಿ, ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ ಆಲಿಸುತ್ತಾನೆ. ಗಟ್ಟಿ ಲೋಹ ಖಣಿಲೆನ್ನುತ್ತದೆ; ತುಕ್ಕು ತಿಂದದ್ದು ಮಂಕಾಗಿ ನುಡಿಯುತ್ತದೆ.

ಇನ್ನೊಂದು ಅಪಾಯ ಬಿಸಿಯದು. ಹೆಬ್ಬಾಳದ ಮೇಲುಸೇತುವೆಯಲ್ಲಿ ವಾಹನಗಳು ಆಮೆಯಂತೆ ತೆವಳುವಾಗ ರೇಡಿಯೇಟರಿಗೆ ಗಾಳಿ ಸಾಲದು. ಮಿತಿಮೀರಿ ಕಾದ ಅಲ್ಯೂಮಿನಿಯಮ್ ಹೆಡ್ ಸೊಟ್ಟಗಾಗುತ್ತದೆ. ಬದಲಿ ಹೆಡ್ ಸುಲಭವಾಗಿ ಸಿಕ್ಕುವ ವಸ್ತುವೆ? ವಿದ್ಯುತ್ ಫ್ಯಾನನ್ನು ಜೋಡಿಸುವುದು ವಿವೇಕದ ಮಾರ್ಪಾಡು. ಬೇರೆ ಗಾಡಿಯ ಎಂಜಿನ್ನನ್ನೇ ಕೂರಿಸುವ ಮಾತು ಬೇರೆ. ಆಗ ಡಾಲ್ಫಿನ್ನಿನ ಹೊದಿಕೆ ಮಾತ್ರ ಉಳಿದೀತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಸಹ, ನೋಂದಣಿ ಪತ್ರದ ವಿವರಗಳನ್ನು ಮನಬಂದಂತೆ ಬದಲಿಸಲು ಬಿಡದು. ಹದಿನೈದು ವರ್ಷ ದಾಟಿದ ಕಾರು ಐದು ವರ್ಷಕ್ಕೊಮ್ಮೆ ಸಾರಿಗೆ ಕಚೇರಿಯ ತಪಾಸಣೆಗೆ ನಿಲ್ಲಬೇಕು. ಅಲ್ಲಿ ಚಾಸಿಯ ಸಂಖ್ಯೆಯನ್ನು ಪತ್ರದೊಡನೆ ಹೋಲಿಸಿ ನೋಡುತ್ತಾರೆ. ತರುಣನು ಆ ದಿನಕ್ಕೆ ಮೊದಲೇ ಅಂಕೆಗಳ ಮೇಲಿನ ತುಕ್ಕನ್ನು ಮೆಲ್ಲಗೆ ಉಜ್ಜಿ, ಅವು ಓದಲು ಬರುತ್ತವೆಯೇ ಎಂದು ದೀಪ ಹಿಡಿದು ನೋಡಿಕೊಂಡಿರಬೇಕು.