ಅಂಗಳದಲ್ಲಿ ನಿಂತ ದೋಣಿ, ಕೈಗೆಟುಕದ ಪೈಪು

ಪ್ರಶ್ನೆ: ನನಗೆ 44 ವರ್ಷ. ಸಹಕಾರಿ ಸಂಘದಲ್ಲಿ ಗುಮಾಸ್ತ. ನಕ್ಷೆ ತರಿಸಿಕೊಂಡು, ರಜೆ ಸಿಕ್ಕಾಗಲೆಲ್ಲ ಕೂತು ಪ್ಲೈವುಡ್ಡಿನಲ್ಲಿ 11 ಅಡಿಯ ಹಾಯಿದೋಣಿ ಕಟ್ಟಿದ್ದೇನೆ. ಒಡಲು ಮುಗಿದು ಬಣ್ಣವೂ ಆಗಿದೆ. ಹಾಯಿಕಂಬಕ್ಕೆ ಐದು ಮೀಟರಿನ ಅಲ್ಯೂಮಿನಿಯಂ ಪೈಪು ಬೇಕು. ಸಿದ್ಧ ಕಂಬ ತರಿಸಿದರೆ ನನ್ನ ಎರಡು ತಿಂಗಳ ಸಂಬಳ ಹೋಗುತ್ತದೆ. ಊರಿನ ಅಂಗಡಿಯಲ್ಲಿ ಕೇಳಿದೆ, ನಕ್ಕರು. ಹೆಂಡತಿ ಏನೂ ಅನ್ನುವುದಿಲ್ಲ, ಅದೇ ಹೆಚ್ಚು ನೋವು. ಮಗಳು ದಿನವೂ ‘ಯಾವಾಗ ನೀರಿಗೆ?’ ಅನ್ನುತ್ತಾಳೆ. ನೀರಿನ ಜಿಐ ಪೈಪು ಹಾಕಿ ಮುಗಿಸಿಬಿಡಲೇ, ಎಲ್ಲವನ್ನೂ ಮಾರಿಬಿಡಲೇ? ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ, ಕುಂದಾಪುರ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ಪೈಪಿನ ಮಾತು ಇರುವುದು ಎರಡು ಮೂರು ಸಾಲು. ಉಳಿದದ್ದೆಲ್ಲ ನಾಚಿಕೆಯ ಮಾತು. ಅದು ಸಹಜ. ಮುಕ್ಕಾಲು ಪಾಲು ಮುಗಿದ ಕೆಲಸ ಅಂಗಳದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಾಗ, ಹಾದುಹೋಗುವವರು ಸುಮ್ಮನೆ ಕೇಳುವ ಮಾತೂ ಚುಚ್ಚಿದಂತಾಗುತ್ತದೆ. ಇದನ್ನು ಓದುತ್ತಿರುವ ಎಷ್ಟೋ ಮನೆಗಳಲ್ಲಿ ಅರ್ಧಕ್ಕೆ ನಿಂತ ಮಹಡಿ, ಮುಗಿಯದ ಹಸ್ತಪ್ರತಿ ಇದೇ ಸಂಕಟ ಕೊಡುತ್ತಿರುತ್ತವೆ. ನೀವು ದುಂದು ಮಾಡಿಲ್ಲ. ದುಡಿದು ಉಳಿದ ಹೊತ್ತಿನಲ್ಲಿ ಒಂದು ದೋಣಿ ಕಟ್ಟಿದ್ದೀರಿ.

ಈಗ ಆ ಎರಡು ತಿಂಗಳ ಸಂಬಳವನ್ನು ಸ್ವಲ್ಪ ಬಿಡಿಸಿ ನೋಡೋಣ. ಅದು ಸಿದ್ಧ ಕಂಬದ, ಅದರ ಸಾಗಾಟದ ಬೆಲೆ. ಲೋಹದ ಬೆಲೆ ಬೇರೆ. ಉದಾಹರಣೆಗೆ, 50 ಮಿ.ಮೀ. ಹೊರವ್ಯಾಸ, 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪೈಪು ಮೀಟರಿಗೆ ಸುಮಾರು 800 ಗ್ರಾಂ ತೂಗುತ್ತದೆ. ಐದು ಮೀಟರಿಗೆ ನಾಲ್ಕು ಕಿಲೋ. ಅಲ್ಯೂಮಿನಿಯಂ ತೂಕದ ಲೆಕ್ಕದಲ್ಲೇ ಮಾರಾಟವಾಗುವ ಸರಕು. ಹಾಗಾಗಿ ನಿಮ್ಮನ್ನು ರಾತ್ರಿ ಎಬ್ಬಿಸುತ್ತಿರುವ ಮೊತ್ತ ನೀವು ನಿಜವಾಗಿ ಕೊಡಬೇಕಾದ ಮೊತ್ತವಲ್ಲ.

ನಕ್ಕ ಅಂಗಡಿಯವರ ಬಗ್ಗೆಯೂ ಒಂದು ಮಾತು. ಕಿಟಕಿ ಬಾಗಿಲಿನ ಸೆಕ್ಷನ್ ಮಾರುವವರಿಗೆ ‘ದೋಣಿಯ ಕಂಬ’ ಎಂದರೆ ಏನು ತೋರಿಸಬೇಕೆಂದು ಹೊಳೆಯುವುದಿಲ್ಲ. ಗೊತ್ತಿಲ್ಲದ್ದಕ್ಕೆ ನಗುವುದು ಮನುಷ್ಯರ ಅಭ್ಯಾಸ, ಅದರಲ್ಲಿ ದ್ವೇಷ ಇರಲಿಕ್ಕಿಲ್ಲ. ಇನ್ನೊಮ್ಮೆ ಹೋದಾಗ ದೋಣಿಯ ಸುದ್ದಿ ಎತ್ತಬೇಡಿ. ನಕ್ಷೆಯಲ್ಲಿರುವ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು, ‘ರೌಂಡ್ ಟ್ಯೂಬು, ಹೊರವ್ಯಾಸ ಇಷ್ಟು, ದಪ್ಪ ಇಷ್ಟು, 6063 ಟಿ6’ ಎಂದು ಕೇಳಿ. ಕಿಟಕಿ ಸೆಕ್ಷನ್‌ಗಳಿಗೆ ಬಳಸುವ ಮಿಶ್ರಲೋಹವೇ ಇದು. ಹಳೆಯ ವ್ಯಾಪಾರಿಗಳು ಎಚ್‌ಇ-9 ಅನ್ನುತ್ತಾರೆ. ನಕ್ಷೆಯಲ್ಲಿ 6061 ಅಥವಾ 6082 ಎಂದಿದ್ದರೆ ಮಾತ್ರ 6063ಕ್ಕೆ ಒಪ್ಪಬೇಡಿ. ಅವು ಸುಮಾರು ಒಂದೂವರೆ ಪಟ್ಟು ಗಟ್ಟಿ, ಮತ್ತು ಅಂಗಡಿಯಲ್ಲಿ ಎಚ್‌ಇ-20, ಎಚ್‌ಇ-30 ಎಂಬ ಹೆಸರಿನಲ್ಲಿ ಸಿಗುತ್ತವೆ. ಊರಿನಲ್ಲಿ ಸಿಗದಿದ್ದರೆ ಮಂಗಳೂರಿನ ಬೈಕಂಪಾಡಿ, ಬೆಂಗಳೂರಿನ ಪೀಣ್ಯದ ಕಡೆ ವಿಚಾರಿಸಿ, ಪಾರ್ಸೆಲ್ ಲಾರಿಯಲ್ಲಿ ತರಿಸಿಕೊಳ್ಳಿ. ಪರದೆ ಕಟ್ಟುವ ತೆಳು ಪೈಪು ಎಷ್ಟೇ ಅಗ್ಗವಾದರೂ ಬೇಡ.

‘50ರದ್ದು ಇಲ್ಲ, 40 ಮಿ.ಮೀ. ಇದೆ, ದಪ್ಪ ಮೂರು, ಇನ್ನೂ ಗಟ್ಟಿ’ ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಬಹುದು. ಅಲ್ಲಿ ಎಚ್ಚರ. ಆ ಪೈಪು 2 ಮಿ.ಮೀ. ದಪ್ಪದ 50ರದ್ದಕ್ಕಿಂತ ಹೆಚ್ಚು ತೂಗುತ್ತದೆ, ಆದರೆ ಬಾಗದೆ ನಿಲ್ಲುವ ಬಿಗಿಯಲ್ಲಿ ಮೂರನೇ ಒಂದು ಪಾಲಿನಷ್ಟು ಕಡಿಮೆ. ಕೊಳವೆಗೆ ಬಿಗಿ ಬರುವುದು ಮುಖ್ಯವಾಗಿ ವ್ಯಾಸದಿಂದ.

ಉದ್ದ ಇನ್ನೊಂದು ತೊಡಕು. ಪೈಪುಗಳು ಸಾಮಾನ್ಯವಾಗಿ 12 ಅಥವಾ 16 ಅಡಿಯಲ್ಲಿ ಬರುತ್ತವೆ. 16 ಅಡಿ ಎಂದರೆ ನಿಮಗೆ ಬೇಕಾದ್ದಕ್ಕಿಂತ 12 ಸೆಂಟಿಮೀಟರ್ ಮಾತ್ರ ಕಮ್ಮಿ. ತುದಿಗೆ ಗಟ್ಟಿಮರದ ಬಿರಡೆ ಕೂರಿಸಿದರೆ ಅಷ್ಟು ಉದ್ದವೂ ಸಿಗುತ್ತದೆ, ಒಳಗೆ ನೀರು ಹೋಗದಂತೆ ಬಾಯಿಯೂ ಮುಚ್ಚುತ್ತದೆ. ಇದು ಸಣ್ಣ ಲಾಭವಲ್ಲ: ದೋಣಿ ಮಗುಚಿದಾಗ ಕಂಬದೊಳಗೆ ನೀರು ತುಂಬಿದರೆ ಅದನ್ನು ಮತ್ತೆ ಎತ್ತುವುದು ಬಹಳ ಕಷ್ಟ. ಎರಡು ತುಂಡು ಜೋಡಿಸುವುದೇ ಆದರೆ ವೆಲ್ಡಿಂಗ್ ಮಾಡಿಸಬೇಡಿ. ಆ ಕಾವಿಗೆ ಈ ಲೋಹದ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಳಗೆ ಬಿಗಿಯಾಗಿ ಕೂರುವ ಇನ್ನೊಂದು ಪೈಪನ್ನು ಎರಡೂ ಕಡೆ ಒಂದೊಂದು ಗೇಣು ಬರುವಂತೆ ತೂರಿಸಿ, ಎಪಾಕ್ಸಿ ಹಚ್ಚಿ ರಿವೆಟ್ ಹೊಡೆಸಿ. ಕಂಬ ದೋಣಿಯ ಒಡಲಿನಿಂದ ಮೇಲೇಳುವ ಜಾಗದಲ್ಲಿ ಆ ಜೋಡಣೆ ಬರಕೂಡದು. ಸ್ಟೀಲ್ ಮೊಳೆ, ಬೋಲ್ಟು ಅಲ್ಯೂಮಿನಿಯಂಗೆ ನೇರ ತಾಗಿದರೆ ಉಪ್ಪುನೀರಿನಲ್ಲಿ ಸುತ್ತಲಿನ ಲೋಹ ತಿಂದುಹೋಗುತ್ತದೆ, ನಡುವೆ ನೈಲಾನ್ ವಾಷರ್ ಇರಲಿ.

ಜಿಐ ಪೈಪಿಗೆ ನನ್ನ ಉತ್ತರ: ಬೇಡವೇ ಬೇಡ. ಹೆಚ್ಚುಕಡಿಮೆ ಅದೇ ವ್ಯಾಸದ ನೀರಿನ ಪೈಪು ಮೀಟರಿಗೆ ಮೂರೂವರೆ ಕಿಲೋ ತೂಗುತ್ತದೆ. ಪುಟ್ಟ ದೋಣಿಯ ತಲೆಯ ಮೇಲೆ ಹದಿನೇಳು ಹದಿನೆಂಟು ಕಿಲೋ ಕಬ್ಬಿಣ ನಿಲ್ಲಿಸಿದರೆ, ಸಣ್ಣ ಗಾಳಿಗೂ ಅದು ವಾಲುತ್ತದೆ. ಅದರಲ್ಲಿ ಕೂರುವುದು ನಿಮ್ಮ ಮಗಳು. ಅವಸರಕ್ಕೆ ಕೊಡಬೇಕಾದ ಬೆಲೆ ಅದಲ್ಲ.

ಪೈಪು ದುಬಾರಿಯೇ ಅನ್ನಿಸಿದರೆ ಮರ ಇದೆ. ಒಂದು ಕಾಲಕ್ಕೆ ಕೆನರಾದ ಕಾಡುಗಳ ಹೊನ್ನೆ ಜಾತಿಯ ನೆಟ್ಟನೆಯ ಮರಗಳು ‘ಪೂನ್’ ಎಂಬ ಹೆಸರಿನಲ್ಲಿ ಹಡಗುಗಳ ಕೂವೆಕಂಬಕ್ಕೆ ಹೋಗುತ್ತಿದ್ದವು. ಇಂಗ್ಲೆಂಡಿನಲ್ಲಿ 1960ರ ದಶಕದ ಆರಂಭದಲ್ಲಿ ಮನೆಯಲ್ಲೇ ಕಟ್ಟಿಕೊಳ್ಳಲೆಂದು ಬಂದ ‘ಮಿರರ್’ ಎಂಬ ಪ್ಲೈವುಡ್ ದೋಣಿ ನಿಮ್ಮದರಷ್ಟೇ ಉದ್ದ. ಅದರ ಕಂಬಗಳೂ ಮೊದಲು ಮರದವೇ. ಗಿಡ್ಡ ಕಂಬ, ಅದರ ಮೇಲಕ್ಕೆ ಏರುವ ಇನ್ನೊಂದು ಕೋಲು, ಎರಡೂ ದೋಣಿಯೊಳಗೇ ಹಿಡಿಯುವಷ್ಟು ಉದ್ದ. ಅಂಥ ದೋಣಿಗಳು ಎಪ್ಪತ್ತು ಸಾವಿರದಷ್ಟು ಆದವು. ನಿಮ್ಮ ದೋಣಿಗೆ ಇಂಥ ಬದಲಾವಣೆ ಒಗ್ಗುತ್ತದೆಯೇ ಎಂದು ನಕ್ಷೆ ಕೊಟ್ಟವರಿಗೇ ಬರೆದು ಕೇಳಿ. ಗಂಗೊಳ್ಳಿ, ಮಲ್ಪೆಯ ದೋಣಿ ಕಟ್ಟುವ ಆಚಾರಿಗಳಿಗೂ ಒಮ್ಮೆ ತೋರಿಸಿ. ಕೈಕೆಲಸ ಮಾಡಿದವರನ್ನು ಅವರು ಹಗುರವಾಗಿ ಕಾಣುವುದಿಲ್ಲ.

ಇನ್ನು ಮನೆಯ ಮಾತು. ಹೆಂಡತಿಯ ಮೌನವನ್ನು ನೀವು ಆಕ್ಷೇಪ ಎಂದು ಓದಿದ್ದೀರಿ. ನೀವು ನೊಂದಿರುವುದು ಕಂಡೇ ಅವರು ಸುಮ್ಮನಿರಬಹುದಲ್ಲ? ಪೈಪು, ಹಗ್ಗ, ರಿವೆಟ್ಟು ಎಲ್ಲ ಸೇರಿ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ‘ಇಷ್ಟಾಗುತ್ತದೆ, ಯಾವ ತಿಂಗಳು ಮಾಡಬಹುದು?’ ಎಂದು ಕೇಳಿ. ಒಪ್ಪಿಗೆ ಬೇಡುವ ದನಿ ಬೇಡ, ಸಮಜಾಯಿಷಿಯೂ ಬೇಡ. ಅವರು ‘ಈ ವರ್ಷ ಬೇಡ’ ಎಂದರೆ ಅದನ್ನೂ ಕೇಳಿಸಿಕೊಳ್ಳಿ. ದೋಣಿಯನ್ನು ನೆರಳಿನಲ್ಲಿ ಬೋರಲು ಹಾಕಿ ಮುಚ್ಚಿಟ್ಟರೆ ಒಂದು ವರ್ಷ ಕಾಯುತ್ತದೆ. ನಿದ್ದೆಗೆಟ್ಟ ಈ ದಿನಗಳಲ್ಲಿ ಮಾರುವ ತೀರ್ಮಾನ ಮಾತ್ರ ಮಾಡಬೇಡಿ.

ಪೈಪಿನ ದಾರಿ ತೆರೆದ ಮೇಲೂ ಎರಡು ಮೂರು ವಾರ ನಿದ್ದೆ ಬಾರದಿದ್ದರೆ, ಬೇರೆ ಕೆಲಸಗಳಲ್ಲೂ ಮನಸ್ಸು ನಿಲ್ಲದಿದ್ದರೆ, ಚಿಂತೆ ದೋಣಿಯನ್ನು ದಾಟಿದೆ ಎಂದು ತಿಳಿಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮಗಳಿಗೆ ತಾರೀಖು ಕೊಡಬೇಡಿ. ಮಳೆಗಾಲ ಕಳೆದು, ಗಾಳಿ ತಣ್ಣಗಿರುವ ಒಂದು ಬೆಳಿಗ್ಗೆ, ಕಡಲಿಗಲ್ಲ, ಹೊಳೆಯ ಶಾಂತ ನೀರಿಗೆ ಎನ್ನಿ. ಅದಕ್ಕೆ ಮೊದಲು ಬಂದರು ಇಲಾಖೆಯ ಕಚೇರಿಯಲ್ಲಿ ಅನುಮತಿಯ ವಿಚಾರ ಕೇಳಿಕೊಳ್ಳಿ. ಮೊದಲ ಸಲ ಈಜು ಬಲ್ಲ ಊರಿನ ದೋಣಿಯವರೊಬ್ಬರು ನಿಮ್ಮೊಂದಿಗಿರಲಿ, ಮಗಳು ದಡದಲ್ಲಿರಲಿ. ಆ ಖರ್ಚಿನ ಹಾಳೆಯಲ್ಲಿ ಪೈಪಿಗಿಂತ ಮೇಲೆ, ಮೊದಲ ಸಾಲಿನಲ್ಲಿ, ಅವಳ ಅಳತೆಯದೊಂದು ಸೇರಿ ಎರಡು ಲೈಫ್ ಜಾಕೆಟ್ ಬರೆಯಿರಿ.