ಅರಳುಮರಳು: ಒಂದು ಪದ, ಗೋವೆಯ ಒಂದು ಅಧ್ಯಯನ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು, ಉಂಡದ್ದನ್ನು ಮರೆಯುವುದು, ಪರಿಚಿತ ಓಣಿಯಲ್ಲಿಯೇ ದಾರಿ ತಪ್ಪುವುದು ಇವೆಲ್ಲವನ್ನೂ ಈ ಒಂದು ಪದದಲ್ಲಿ ಕಟ್ಟಿ ಬದಿಗಿಡುವುದು ನಮ್ಮ ರೂಢಿ. ಜೋಡುನುಡಿಯಾಗಿ ಅದು ಸೊಗಸಾಗಿದೆ. ಆದರೆ ಮನೆಯೊಳಗೆ ಅದು ಮಾಡುವ ಕೆಲಸವೇ ಬೇರೆ. ಮುಪ್ಪಿನ ಸಹಜ ಲಕ್ಷಣವೆಂದು ಒಪ್ಪಿಕೊಂಡ ಮೇಲೆ ವೈದ್ಯರ ಬಳಿಗೆ ಹೋಗಬೇಕೆಂಬ ಯೋಚನೆಯೇ ಹುಟ್ಟುವುದಿಲ್ಲ. ಕೆಲವರು ಡಿಮೆನ್ಶಿಯಾ ಎಂಬುದನ್ನು ಬುದ್ಧಿಮಾಂದ್ಯತೆ ಎಂದು ಅನುವಾದಿಸುತ್ತಾರೆ. ಅದು ಹುಟ್ಟಿನಿಂದಲೋ ಬಾಲ್ಯದಿಂದಲೋ ಬರುವ ಬೇರೆಯೇ ಸ್ಥಿತಿ; ‘ಮರೆವಿನ ಕಾಯಿಲೆ’ ಎನ್ನುವುದು ಎಷ್ಟೋ ವಾಸಿ.

ಇದು ಕನ್ನಡದ ದೋಷ ಮಾತ್ರವಲ್ಲ. ವಿಕ್ರಮ್ ಪಟೇಲ್ ಮತ್ತು ಮಾರ್ಟಿನ್ ಪ್ರಿನ್ಸ್ ಅವರು ಗೋವೆಯಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರು ಈ ಕಾಯಿಲೆಯ ಲಕ್ಷಣಗಳನ್ನು ಚೆನ್ನಾಗಿಯೇ ಗುರುತಿಸಿದರು. ಆದರೆ ಅದನ್ನು ವಯಸ್ಸಿನ ಪರಿಣಾಮವೆಂದು ತಿಳಿದರು. ವೃದ್ಧರ ಮನೋವ್ಯಾಧಿಗಳಿಗೆ ಮಕ್ಕಳ ಅನಾದರವೂ ಪ್ರೀತಿಯ ಕೊರತೆಯೂ ಕಾರಣವೆಂದರು. ಈ ಎರಡನೆಯ ವಿವರಣೆ ಹೆಚ್ಚು ಕ್ರೂರವಾದದ್ದು. ಹಗಲಿರುಳು ಅತ್ತೆಯ ಹಾಸಿಗೆ ಬದಲಿಸುವ ಸೊಸೆಯೇ ಅದರಿಂದ ಅಪರಾಧಿಯಾಗುತ್ತಾಳೆ.

ಆ ಸೊಸೆಯ ಕಡೆಗೆ ನೋಡಿದ ಪ್ರಯೋಗವೂ ಗೋವೆಯಲ್ಲಿಯೇ ನಡೆಯಿತು. ಅಮಿತ್ ಡಯಾಸ್ ಮತ್ತು ಸಂಗಡಿಗರು 2008ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. 81 ಕುಟುಂಬಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗಳಿಗೆ ಆರು ತಿಂಗಳ ಕಾಲ ಸಲಹೆಗಾರರನ್ನು ಕಳುಹಿಸಲಾಯಿತು. ಈ ಸಲಹೆಗಾರರು ವೈದ್ಯರಲ್ಲ. ಸ್ಥಳೀಯ ಭಾಷೆ ಬಲ್ಲ, ಹಿರಿಯರ ಸೇವೆಯಲ್ಲಿ ಆಸಕ್ತಿಯುಳ್ಳ ಸಾಮಾನ್ಯರು. ಅಲ್ಪಾವಧಿಯ ತರಬೇತಿ ಪಡೆದಿದ್ದರು; ಬೆನ್ನಿಗೆ ಮನೋವೈದ್ಯರಿದ್ದರು. ಕಾಯಿಲೆ ಎಂದರೇನು, ರೋಗಿ ರೇಗಿದಾಗ ಏನು ಮಾಡಬೇಕು, ಯಾವ ಸರ್ಕಾರಿ ನೆರವು ದೊರೆಯುತ್ತದೆ ಎಂಬುದನ್ನು ಅವರು ಮನೆಯ ಜಗಲಿಯಲ್ಲಿ ಕುಳಿತು ಹೇಳುತ್ತಿದ್ದರು. ಅದೇ ಕಷ್ಟದಲ್ಲಿದ್ದ ಬೇರೆ ಕುಟುಂಬಗಳ ಪರಿಚಯ ಮಾಡಿಸುತ್ತಿದ್ದರು. ರೋಗಿಗಳ ಸ್ಥಿತಿಯಲ್ಲಿ ಗಣನೀಯವಾದ ಬದಲಾವಣೆ ಕಾಣಲಿಲ್ಲ. ಆದರೆ ನೋಡಿಕೊಳ್ಳುವವರ ಮಾನಸಿಕ ಆರೋಗ್ಯ ಸ್ಪಷ್ಟವಾಗಿ ಸುಧಾರಿಸಿತು. ವಾಸಿಯಾಗದ ಕಾಯಿಲೆಯ ಮುಂದೆ ಇದು ಸಣ್ಣ ಫಲವಲ್ಲವೆಂದು ನನ್ನ ಎಣಿಕೆ.

ಇಲ್ಲಿ ‘ನೋಡಿಕೊಳ್ಳುವವರು’ ಎಂದು ಬರೆಯುವಾಗ ಲೇಖನಿ ತಡೆಯಿತು. ‘ಆರೈಕೆದಾರ’ ಎಂಬುದು ಕಚೇರಿಯ ಮಾತು. ಹೆರಿಗೆಯಾದವಳ ಆರೈಕೆಗೆ ನಮ್ಮಲ್ಲಿ ‘ಬಾಣಂತನ’ ಎಂಬ ತುಂಬಿದ ಪದವಿದೆ. ಯಾರು ನೀರು ಹಾಕಬೇಕು, ಏನು ಉಣಿಸಬೇಕು, ಎಷ್ಟು ತಿಂಗಳು ಎಂಬ ವ್ಯವಸ್ಥೆಯೇ ಆ ಪದದಲ್ಲಿ ಅಡಗಿದೆ. ಮಾಡುವವಳಿಗೆ ಗೌರವವೂ ಉಂಟು, ಅವಧಿಯೂ ಉಂಟು. ಮುಪ್ಪಿನ ಆರೈಕೆಗೆ ಅಂಥ ಪದವಿಲ್ಲ. ‘ಸೇವೆ’ ಎಂದರೆ ಪುಣ್ಯವಾಗುತ್ತದೆ, ‘ಚಾಕರಿ’ ಎಂದರೆ ದುಡಿಮೆಯಾಗುತ್ತದೆ. ಎರಡರಲ್ಲಿಯೂ ಬಿಡುವಿನ ಮಾತಿಲ್ಲ.

ಗೋವೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಪ್ರಶ್ನೆ ಇನ್ನೂ ಬಿಗಿಯಾದದ್ದು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ಬಂದು ವಾಸ್ಕೋದ ಬೈನಾ, ಝುವಾರಿನಗರಗಳಲ್ಲಿ ದುಡಿಯುವವರು ಮುದಿ ತಾಯಿಯನ್ನು ಊರಲ್ಲಿ ಬಿಟ್ಟರೆ ನೋಡುವವರಿಲ್ಲ. ಕರೆತಂದರೆ ಒಂದೇ ಕೋಣೆ, ಹಗಲೆಲ್ಲ ಬೀಗ. ಗೋವೆಯ ದಯಾನಂದ ಸಾಮಾಜಿಕ ಭದ್ರತಾ ಯೋಜನೆಯು ಹಿರಿಯರಿಗೆ ಮಾಸಾಶನ ಕೊಡುತ್ತದೆ. ಆದರೆ ಅದಕ್ಕೆ ಆ ರಾಜ್ಯದಲ್ಲಿ ದೀರ್ಘಕಾಲ ವಾಸವಾಗಿರಬೇಕು. ಕರ್ನಾಟಕದ ಸಂಧ್ಯಾ ಸುರಕ್ಷಾ 65 ದಾಟಿದ ಇಲ್ಲಿಯ ನಿವಾಸಿಗಳಿಗೆ. ನಡುವೆ ನಿಂತ ಮುದುಕಿ ಎರಡು ಕಚೇರಿಗಳಿಗೂ ಹೊರಗಿನವಳಾಗುವ ಸಂಭವವಿದೆ. ಆಸ್ಪತ್ರೆಯಲ್ಲಿ ಕೊಂಕಣಿ ಬಾರದ ಅವಳ ಮಾತನ್ನು ದಾಟಿಸಲು ಶಾಲೆ ಬಿಟ್ಟು ಬಂದ ಮೊಮ್ಮಗನೇ ಗತಿ.

2007ರ ತಂದೆತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯಂತೆ ಹಿರಿಯರು ಮಕ್ಕಳಿಂದ ಜೀವನಾಂಶ ಕೇಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ, ಹಿಂದಕ್ಕೆ ಪಡೆಯಲೂ ಅವಕಾಶವಿದೆ. ಆದರೆ ನೋಡಿಕೊಳ್ಳುತ್ತಲೇ ಸೋತುಹೋದವರಿಗೆ ಅದರಲ್ಲಿ ಆಸರೆ ಕಡಿಮೆ. ಹಿರಿಯರಿಗೂ ಅವರ ಮನೆಯವರಿಗೂ ಮಾಹಿತಿ ಬೇಕಾದಾಗ 14567 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಬಹುದು.

ವಿದ್ಯಾರ್ಥಿಗಳು ಮುಂದಿನ ತರಗತಿಗೆ ಬರುವಾಗ ತಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಹಿರಿಯರೊಬ್ಬರನ್ನು ನೋಡಿಕೊಳ್ಳುತ್ತಿರುವವರೊಡನೆ ಅರ್ಧ ಗಂಟೆ ಕುಳಿತು ಬರಬೇಕು. ಅವರು ತಮ್ಮ ಕೆಲಸವನ್ನು ಯಾವ ಪದದಿಂದ ಕರೆಯುತ್ತಾರೆ, ಮರೆವಿಗೆ ಏನೆನ್ನುತ್ತಾರೆ ಎಂಬುದನ್ನು ಅವರ ಆಡುನುಡಿಯಲ್ಲಿಯೇ ಬರೆದುಕೊಳ್ಳಿರಿ. ಆ ಅರ್ಧ ಗಂಟೆ ಹಿರಿಯರ ಬಳಿ ನೀವು ಕುಳಿತು, ಅವರನ್ನು ಹೊರಗೆ ಅಡ್ಡಾಡಲು ಕಳುಹಿಸಿದರೂ ಆದೀತು. ಪದಗಳನ್ನು ಅವರು ಹಿಂದಿರುಗಿದ ಮೇಲೆ ಕೇಳಬಹುದು.