ಎರಡು ತಗ್ಗುನಾಡುಗಳು

ನದಿಗಳು ಹೊತ್ತುತಂದ ಮೆಕ್ಕಲಿನಿಂದ ರೂಪುಗೊಂಡ ನಾಡುಗಳಲ್ಲಿ ಬಾಂಗ್ಲಾದೇಶ, ನೆದರ್‌ಲೆಂಡ್ಸ್‌ಗಳು ಪ್ರಮುಖವಾದವು. ವಾಯುಗುಣದ ಬದಲಾವಣೆಯಿಂದ ಕಡಲು ಏರುತ್ತಿರುವ ಈ ಕಾಲದಲ್ಲಿ ಎರಡಕ್ಕೂ ಅಪಾಯವಿದೆ. 1953ರ ಪ್ರವಾಹದಲ್ಲಿ 1,836 ಜನರನ್ನು ಕಳೆದುಕೊಂಡ ನೆದರ್‌ಲೆಂಡ್ಸ್ ಬೃಹತ್ ಕಟ್ಟೆಗಳನ್ನು ಕಟ್ಟಿ ತನ್ನನ್ನು ಭದ್ರಪಡಿಸಿಕೊಂಡಿತು. ಅಷ್ಟು ಹಣವಿಲ್ಲದ ಬಾಂಗ್ಲಾದೇಶವು ಮುನ್ಸೂಚನೆ ಮತ್ತು ಆಶ್ರಯಕಟ್ಟಡಗಳಿಂದ ಜೀವಹಾನಿಯನ್ನು ಬಹುವಾಗಿ ತಗ್ಗಿಸಿಕೊಂಡಿದೆ.

ಆದರೆ ಕಾಡು, ಹಕ್ಕಿ, ಮೃಗಗಳ ನೆಲೆಗಳ ಗತಿಯೇನು? ಬಾಂಗ್ಲಾದೇಶದ ಸುಂದರಬನವು ಸುಮಾರು 6,000 ಚದರ ಕಿಲೋಮೀಟರ್ ವಿಸ್ತಾರದ ಕಾಂಡ್ಲಾ ಕಾಡು, ಹುಲಿಯ ಬೀಡು. ಅಲ್ಲಿಯ ಸುಂದರಿ ಮರವು ಹೆಚ್ಚು ಉಪ್ಪನ್ನು ತಾಳಲಾರದು. ದೋಷವೆಲ್ಲ ಕಡಲಿನದೆಂದು ಹೇಳುವಂತಿಲ್ಲ. 1975ರಲ್ಲಿ ಗಂಗೆಗೆ ಫರಕ್ಕಾ ಅಣೆಕಟ್ಟು ಬಂದ ಮೇಲೆ ಬೇಸಿಗೆಯ ಸಿಹಿನೀರೂ ಕಡಿಮೆಯಾಯಿತು. ಉಪ್ಪು ಒಳನುಗ್ಗಿದಂತೆ ಸುಂದರಿಯು ತುದಿಯಿಂದ ಒಣಗುತ್ತ ಬರುತ್ತದೆ. ಉಪ್ಪನ್ನು ತಾಳಬಲ್ಲ ಗಿಡ್ಡ ಮರಗಳು ಆ ಸ್ಥಳವನ್ನು ಆಕ್ರಮಿಸುತ್ತವೆ. 2007ರ ಸಿಡ್ರ್ ಚಂಡಮಾರುತದ ರಭಸವನ್ನು ತನ್ನ ಮೈಮೇಲೆ ತೆಗೆದುಕೊಂಡುದು ಇದೇ ಕಾಡು. ಅದು ಉತ್ತರಕ್ಕೆ ಸರಿದು ಬದುಕೋಣವೆಂದರೆ ಅಲ್ಲಿ ಹೊಲಗಳೂ ಊರುಗಳೂ ತುಂಬಿವೆ.

ನೆದರ್‌ಲೆಂಡ್ಸಿನ ಉತ್ತರದಂಚಿನ ವಾಡನ್ ಕಡಲಿನಲ್ಲಿ, ಇಳಿತದ ವೇಳೆ ತೆರೆದುಕೊಳ್ಳುವ ಕೆಸರುಬಯಲುಗಳಲ್ಲಿ ಲಕ್ಷಾಂತರ ವಲಸೆ ಹಕ್ಕಿಗಳು ಮೇಯುತ್ತವೆ. ಜನರನ್ನು ಕಾಯುವ ಕಟ್ಟೆಯೇ ಇಲ್ಲಿ ಬಯಲಿನ ಬೆನ್ನಿಗೆ ಗೋಡೆಯಾಗಿದೆ; ಇದಕ್ಕೂ ಹಿಂದೆ ಸರಿಯಲು ಎಡೆಯಿಲ್ಲ. ಅಲೆಗಳು ತರುವ ಹೂಳು ಕಡಲ ಏರಿಕೆಗೆ ಸಮನಾಗಿ ಶೇಖರವಾದರೆ ಬಯಲು ಉಳಿದೀತು. ಏರಿಕೆಯೇ ಮುಂದಾದರೆ ಇಳಿತದ ಹೊತ್ತಿನಲ್ಲಿಯೂ ಅದು ನೀರಿನಡಿಯಲ್ಲಿರುತ್ತದೆ. ಹಕ್ಕಿಗಳಿಗೆ ಮೇವು ಎಟುಕುವುದಿಲ್ಲ.